ವಾಷರಮ್ಮನ ಕುಕ್ಕರಿನಲ್ಲಿದ್ದ ಪಿಸ್ತೂಲು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಆಕೆಯ ನಿಜವಾದ ಹೆಸರು ಹಿಡಿದು ವಿಚಾರಿಸಿದರೆ ಯಾರೂ ದಾರಿ ತೋರಿಸಲಾರರು. ವಾಷರಮ್ಮ ಎಂದರೆ ಬೀಗದ ಕೈ ಮಾಡುವವನು ತಲೆಯೆತ್ತದೆಯೇ ಪಕ್ಕದ ಬಾಗಿಲಿಗೆ ಬೆರಳು ತೋರಿಸುತ್ತಾನೆ. ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಷ್ಟು ಸಣ್ಣ ಅಂಗಡಿ. ಗೋಡೆಯ ಮೊಳೆಗಳಲ್ಲಿ ಅಳತೆಗೆ ತಕ್ಕಂತೆ ತೂಗುಬಿಟ್ಟ ರಬ್ಬರ್ ಉಂಗುರಗಳು, ನೆಲದಲ್ಲಿ ಒಂದರ ಮೇಲೊಂದು ಕೂತ ಕುಕ್ಕರುಗಳು, ಮೇಜಿನ ಮೇಲೆ ನೀರು ತುಂಬಿದ ಒಂದು ತಪ್ಪಲೆ.

ಕುಕ್ಕರು, ಸ್ಟೌ, ಔಷಧಿ ಹೊಡೆಯುವ ಪಂಪು, ಸೈಕಲ್ ಪಂಪು, ಲೈಟರು, ಹೀಗೆ ಒತ್ತಡ ತುಂಬಿಟ್ಟುಕೊಂಡು ಕೆಲಸ ಮಾಡುವ ಯಾವುದು ಸೋರಿದರೂ ಅದು ಆಕೆಯ ಮೇಜಿಗೆ ಬರುತ್ತಿತ್ತು. ಈ ಕೆಲಸವನ್ನು ಆಕೆಗೆ ಕಲಿಸಿದ್ದು ಅಪ್ಪ. ಅವನು ಹೋದ ಮೇಲೆ ಅಂಗಡಿ ಮುಚ್ಚಿಬಿಡೋಣ ಎಂದು ಅಣ್ಣಂದಿರು ಹೇಳಿದಾಗ ಆಕೆ ವಾದಕ್ಕೆ ನಿಲ್ಲಲಿಲ್ಲ. ಮಾರನೆಯ ದಿನ ಎಂಟು ಗಂಟೆಗೆ ಹೋಗಿ ಬಾಗಿಲು ತೆಗೆದು ಕೂತಳು, ಅಷ್ಟೇ. ಆಗ ಆಕೆಗೆ ಇಪ್ಪತ್ತಮೂರು. ಈಗ ಐವತ್ತೆರಡು. ಗಂಡ ಬಸ್ ಓಡಿಸುತ್ತಾನೆ. ಮನೆಯಲ್ಲಿ ಒಬ್ಬಳೇ ಇರಲು ಬೇಸರವೆಂದು ಅತ್ತೆಯೂ ದಿನಾ ಅಂಗಡಿಗೆ ಬಂದು, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು, ವಾಷರುಗಳನ್ನು ಅಳತೆವಾರು ವಿಂಗಡಿಸುತ್ತಾಳೆ. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದೂಕು ಹಿಡಿದ ಕಾವಲುಗಾರರನ್ನು ತಯಾರು ಮಾಡುವ ತರಬೇತಿ ಶಾಲೆಯಿಂದ ಒಬ್ಬ ಗಂಡಸು ಬಂದ. ಕತ್ತರಿಸಿ ನಿಲ್ಲಿಸಿದಂಥ ಮೀಸೆ, ಇಸ್ತ್ರಿಯ ಗೆರೆ ಬೆರಳು ಕೊಯ್ಯುವಷ್ಟು ಹರಿತವಾದ ಪ್ಯಾಂಟು. ಅಲ್ಲಿನ ಹುಡುಗರು ಅವನನ್ನು ಪೆರೇಡ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಚೀಲದಿಂದ ಕಪ್ಪು ಪಿಸ್ತೂಲೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅತ್ತೆಯ ಮಡಿಲಲ್ಲಿದ್ದ ತಟ್ಟೆ ನೆಲಕ್ಕೆ ಬಿದ್ದು, ವಾಷರುಗಳು ಗಲ್ಲಿಯವರೆಗೂ ಉರುಳಿದವು.

"ಹೆದರ್ಬೇಡಿ ಅಜ್ಜಿ, ಇದು ಅಸಲಿ ಅಲ್ಲ," ಎಂದ ಮೇಷ್ಟ್ರು. "ಸೈನ್ಯದವ್ರು ಇಟ್ಕೊಳ್ಳೋ ಪಿಸ್ತೂಲಿನ ನಕಲು. ಗ್ಯಾಸಿನಿಂದ ಓಡುತ್ತೆ. ಹುಡುಗರಿಗೆ ಕೈ ಪಳಗಿಸೋಕೆ ಅಂತ ತರಿಸಿದ್ದೀವಿ. ಎಲ್ಲಾ ಸೋರ್ತಾ ಇವೆ. ಕೊಟ್ಟೋರು ಫೋನ್ ಎತ್ತಲ್ಲ."

"ಗ್ಯಾಸ್ ಎಲ್ಲಿ ತುಂಬ್ತೀರಾ?" ಎಂದು ಕೇಳಿದಳು ವಾಷರಮ್ಮ.

ಮೇಷ್ಟ್ರು ಹಿಡಿಯೊಳಗಿನಿಂದ ಗುಂಡು ತುಂಬುವ ಮ್ಯಾಗಜೀನನ್ನು ಜಾರಿಸಿ ಆಕೆಯ ಕೈಗಿಟ್ಟ. ಅಂಗೈಯಷ್ಟು ಉದ್ದ, ಕಬ್ಬಿಣದ ತುಂಡಿನಷ್ಟು ಭಾರ. ಅಡಿಯಲ್ಲಿ ಗ್ಯಾಸ್ ತುಂಬುವ ಸಣ್ಣ ವಾಲ್ವು, ಹಿಂಬದಿಯಲ್ಲಿ ಗ್ಯಾಸ್ ಬಿಡುವ ಇನ್ನೊಂದು, ತಲೆಯ ಮೇಲೆ ರಬ್ಬರಿನ ತುಟಿ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಒಳಗಿನ ಸುತ್ತಿಗೆ ಹಿಂದಿನ ವಾಲ್ವಿಗೆ ಬಡಿಯುತ್ತದೆ. ಹೊರಬಂದ ಗ್ಯಾಸು ಮೊದಲು ಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಉಳಿದದ್ದು ಪಿಸ್ತೂಲಿನ ಮೇಲಿನ ಸ್ಲೈಡನ್ನು ಹಿಂದಕ್ಕೆ ಒದೆಯುತ್ತದೆ. ಅಸಲಿ ಪಿಸ್ತೂಲು ಸಿಡಿದಾಗ ಕೈಗೆ ಬೀಳುವ ಏಟನ್ನು ಈ ಒದೆತದಿಂದ ಅಭ್ಯಾಸ ಮಾಡಿಸುವುದು. ಮೇಷ್ಟ್ರು ಇದನ್ನೆಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಆಕೆ ಮ್ಯಾಗಜೀನನ್ನು ತಪ್ಪಲೆಯ ನೀರಿಗೆ ಇಳಿಸಿದ್ದಳು. ಅಡಿಯ ವಾಲ್ವಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದುಬಂದವು.

"ಇದು ಲೈಟರಿನ ಅಣ್ಣ, ಪಂಪಿನ ತಮ್ಮ," ಎಂದಳು. "ನಾಳೆ ಬನ್ನಿ."

ಮಾರನೆಯ ದಿನ ಮೇಷ್ಟ್ರು ಗ್ಯಾಸ್ ತುಂಬಿ, ಗಲ್ಲಿಯ ಗೋಡೆಗೆ ಒರಗಿಸಿಟ್ಟ ರಟ್ಟಿನ ಡಬ್ಬಕ್ಕೆ ಗುರಿಯಿಟ್ಟು ಹೊಡೆದ. ಸ್ಲೈಡು ಹಿಂದೆ ಮುಂದೆ ಬಡಿದ ಸದ್ದಿಗೆ ಚಪ್ಪಲಿ ಹೊಲಿಯುವವನು ದಾರ ಕಡಿದುಕೊಂಡ. ಮೇಷ್ಟ್ರ ಮೀಸೆ ಮೊದಲ ಬಾರಿಗೆ ಅಲುಗಿತು. ಮುಂದಿನ ವಾರದಿಂದ ಶಾಲೆಯ ವ್ಯಾನು ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತರತೊಡಗಿತು. ಪೆಟ್ಟಿಗೆಯಲ್ಲಿ ಹನ್ನೆರಡು ಪಿಸ್ತೂಲು.

ಕೆಲಸ ಆಕೆಗೆ ಹಿಡಿಸಿತು. ಚಳಿಗಾಲದ ಬೆಳಿಗ್ಗೆ ಪಿಸ್ತೂಲುಗಳೆಲ್ಲ ಒಟ್ಟಿಗೆ ಮಂಕಾದಾಗ, ಹಾಳಾಗಿರುವುದು ಪಿಸ್ತೂಲಲ್ಲ, ತಣ್ಣಗಾದ ಗ್ಯಾಸಿಗೆ ತ್ರಾಣವಿಲ್ಲ ಎಂದು ಹೇಳಿ, ಮ್ಯಾಗಜೀನುಗಳನ್ನು ಪಾಠಕ್ಕೆ ಮುಂಚೆ ಅರ್ಧ ಗಂಟೆ ಜೇಬಿನಲ್ಲಿಟ್ಟುಕೊಳ್ಳುವಂತೆ ಹುಡುಗರಿಗೆ ಹೇಳಿಕಳಿಸಿದ್ದು ಆಕೆಯೇ. ಯಾವ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಯಾವುದು ಉಳಿಸುತ್ತದೆ ಎಂಬುದು ಆಕೆಗೆ ಬಾಯಿಪಾಠ.

ಒಂದು ವಿಷಯದಲ್ಲಿ ಮಾತ್ರ ಅವಳಿಗೂ ಮೇಷ್ಟ್ರಿಗೂ ಹೊಂದಿಕೆಯಾಗಲಿಲ್ಲ. ಮೊದಲ ತಿಂಗಳಲ್ಲೇ ಆಕೆ ಕೇಳಿದ್ದಳು: "ಶಾಲೆಯಲ್ಲಿ ಇದೇ ಥರದ ಅಸಲಿಗಳೂ ಇವೆ ಅಂತೀರಿ. ಇವಕ್ಕೊಂದು ಗುರುತು ಹಾಕಿ ಕೊಡ್ಲಾ? ಹಿಡಿ ಮೇಲೆ ಒಂದು ಬಣ್ಣದ ಪಟ್ಟಿ, ಅಷ್ಟೇ."

"ಸುತರಾಂ ಬೇಡ. ಕೈಯಲ್ಲಿರೋದು ಆಟದ ಸಾಮಾನು ಅಂತ ಕಣ್ಣಿಗೆ ಕಂಡ ತಕ್ಷಣ ಹುಡುಗರು ಆಟ ಆಡ್ತಾರೆ. ಅಸಲಿ ಥರಾನೇ ಇರ್ಬೇಕು."

"ನೀವೇ ಒಂದಿನ ಮರೆತ್ರೆ?"

"ಪ್ರತಿಯೊಂದಕ್ಕೂ ನಂಬರ್ ಇದೆ ಅಮ್ಮ. ಸಂಜೆ ನೋಡಿ, ಬರೆದು, ಒಳಗಿಡ್ತಾರೆ."

ಆಕೆ ಮುಂದಿನ ಮ್ಯಾಗಜೀನನ್ನು ನೀರಿಗೆ ಇಳಿಸಿದಳು. ಶಾಲೆ ಅವರದ್ದು.

ಐದನೆಯ ವರ್ಷದ ಒಂದು ಬುಧವಾರ, ಹತ್ತು ಗಂಟೆಯ ಹೊತ್ತು. ವ್ಯಾನಿನ ಚಾಲಕ ಪೆಟ್ಟಿಗೆ ಇಳಿಸಿ, ಪಕ್ಕದ ಬೀದಿಗೆ ಕಾಫಿ ಕುಡಿಯಲು ಹೋದ. ಆಕೆ ಎಂದಿನಂತೆ ಎಲ್ಲ ಪಿಸ್ತೂಲುಗಳನ್ನೂ ಬಾಯಿ ಗೋಡೆಯ ಕಡೆಗಿರುವಂತೆ ಸಾಲಾಗಿ ಜೋಡಿಸಿದಳು. ಹಾಗಿಡುವುದನ್ನು ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದ. ಒಂದೊಂದರ ಮ್ಯಾಗಜೀನನ್ನು ಎಳೆದು ನೀರಿಗೆ ಇಳಿಸುತ್ತ ಬಂದಳು. ಒಂದರದ್ದು ಸೋರುತ್ತಿತ್ತು, ಮುಂದಿನ ಐದು ಸರಿಯಿದ್ದವು. ಏಳನೆಯದರ ಮ್ಯಾಗಜೀನು ಕೈಗೆ ಬಂದಾಗ ಭಾರಕ್ಕೆಂದು ಸಜ್ಜಾಗಿದ್ದ ಬೆರಳುಗಳು ತಾವಾಗಿಯೇ ಮೇಲಕ್ಕೆ ಹಾರಿದವು.

ಹಗುರ. ಖಾಲಿ ತಗಡಿನ ಡಬ್ಬಿಯಷ್ಟು ಹಗುರ. ತಿರುಗಿಸಿ ನೋಡಿದಳು. ಅಡಿಯಲ್ಲಿ ವಾಲ್ವಿಲ್ಲ. ಮೇಲೆ ರಬ್ಬರಿನ ತುಟಿಯಿಲ್ಲ. ಒಳಗೆ ಒಂದು ಸ್ಪ್ರಿಂಗು, ಒಂದು ತಗಡು. ಗ್ಯಾಸಿಗೆ ಎಲ್ಲೂ ಜಾಗವೇ ಇಲ್ಲ.

ಕೈ ಅವಸರಪಡಲಿಲ್ಲ; ಇಪ್ಪತ್ತೆಂಟು ವರ್ಷ ಒತ್ತಡ ತುಂಬಿದ ಸಾಮಾನುಗಳ ಎದುರು ಕೂತ ಕೈ ಅದು. ಸ್ಲೈಡನ್ನು ಮುಟ್ಟಲಿಲ್ಲ, ಕುದುರೆಯ ಹತ್ತಿರಕ್ಕೂ ಬೆರಳು ಒಯ್ಯಲಿಲ್ಲ. ಪಿಸ್ತೂಲಿನ ಬಾಯಿಗೆ ಎದುರಾಗದೆ ಬಗ್ಗಿ, ಬದಿಯಲ್ಲಿ ಕೆತ್ತಿದ ನಂಬರನ್ನು ಓದಿ ಕೈಗೆ ಸಿಕ್ಕ ಚೀಟಿಯ ಮೇಲೆ ಬರೆದುಕೊಂಡಳು. ಆಮೇಲೆ ಸುತ್ತ ನೋಡಿದಳು. ಅಂಗಡಿಯಲ್ಲಿ ಬೀಗವಿರುವ ಬೀರು ಇರಲಿಲ್ಲ. ಇದ್ದದ್ದು ಕುಕ್ಕರುಗಳು. ಹೋಟೆಲಿನವರು ರಿಪೇರಿಗೆ ಕೊಟ್ಟಿದ್ದ ಎಲ್ಲಕ್ಕಿಂತ ದೊಡ್ಡದನ್ನು ಗೋಡೆಗೆ ಒತ್ತರಿಸಿ, ಒಳಗೆ ಬಟ್ಟೆ ಹಾಸಿ, ಪಿಸ್ತೂಲನ್ನು ಬಾಯಿ ಗೋಡೆಗೆ ಮಾಡಿ ಮಲಗಿಸಿ, ಮುಚ್ಚಳ ತಿರುಗಿಸಿ ಬಿಗಿದಳು. ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

"ಏನೇ ಅದು, ಹತ್ತೂವರೆಗೇ ಅಡುಗೆ?" ಎಂದಳು ಅತ್ತೆ.

"ಬೇಯೋದಲ್ಲ ಅತ್ತೆ. ಮುಟ್ಬೇಡಿ."

"ಬೇಯದೇ ಇರೋದನ್ನ ಕುಕ್ಕರಿಗೆ ಹಾಕ್ತಾರಾ? ನಿಮ್ಮಪ್ಪ ಏನು ಕಲಿಸಿದ್ದಾರೋ."

ಆಕೆ ಮೇಷ್ಟ್ರಿಗೆ ಫೋನು ಮಾಡಿದಳು. ಆ ಕಡೆ ಹುಡುಗರ ಬೂಟಿನ ಸದ್ದು ಕೇಳುತ್ತಿತ್ತು.

"ಮೇಷ್ಟ್ರೇ, ಪೆಟ್ಟಿಗೇಲಿ ಹನ್ನೆರಡು ಬಂದಿವೆ. ಅದ್ರಲ್ಲಿ ಒಂದು ನಮ್ಮನೆ ಮಗು ಅಲ್ಲ."

"ಅಂದ್ರೆ?"

"ನಿಮ್ಮನೆಯದು. ಅಸಲಿ. ನಂಬರ್ ಹೇಳ್ತೀನಿ, ಬರ್ಕೊಳ್ಳಿ."

ಮೇಷ್ಟ್ರು ನಂಬರನ್ನು ಬರೆದುಕೊಂಡು, ಒಮ್ಮೆ ತಿರುಗಿ ಓದಿ ಹೇಳಿದ. ಆಮೇಲೆ, "ವ್ಯಾನಿನವನ ಕೈಲಿ ಈಗ್ಲೇ ಕಳಿಸಿಬಿಡಿ," ಎಂದ.

"ಕಳಿಸಲ್ಲ. ಅವ್ನಿಗೆ ಅದು ಏನು ಅಂತಾನೇ ಗೊತ್ತಿಲ್ಲ. ನೀವೇ ಬನ್ನಿ. ತಗೊಂಡೆ ಅಂತ ಬರೆದು ಕೊಟ್ಟು ತಗೊಂಡು ಹೋಗಿ."

ಕಾಫಿ ಮುಗಿಸಿ ಬಂದ ಚಾಲಕ ಗೊಣಗಾಡಿದ; ಮೇಷ್ಟ್ರು ಬರುವವರೆಗೂ ಪೆಟ್ಟಿಗೆ ಇಲ್ಲೇ ಇರುತ್ತದೆ ಎಂದು ಆಕೆ ಅವನಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು.

ಮೇಷ್ಟ್ರು ಇಪ್ಪತ್ತು ನಿಮಿಷದಲ್ಲಿ ಬಂದ. ಇಸ್ತ್ರಿಯ ಗೆರೆಗಳೆಲ್ಲ ಮುದುಡಿಹೋಗಿದ್ದವು. ಆಕೆ ಕುಕ್ಕರಿನ ಮುಚ್ಚಳ ತೆಗೆದಳು. ಅವನು ಪಿಸ್ತೂಲು ಎತ್ತಿ, ಗೋಡೆಗೆ ತಿರುಗಿ, ಸ್ಲೈಡು ಎಳೆದು ಒಳಗೆ ನೋಡಿ, ಮತ್ತೊಮ್ಮೆ ಎಳೆದು ನೋಡಿ, "ಖಾಲಿ ಇದೆ," ಎಂದು ಕೂತುಬಿಟ್ಟ. "ಬಚಾವಾದ್ವಿ ಅಮ್ಮ. ಯಾರಿಗೂ ಏನೂ ಆಗಲಿಲ್ಲ."

"ಇದ್ರಿಂದ ಯಾರಿಗೂ ಏನೂ ಆಗಲ್ಲ," ಎಂದಳು ವಾಷರಮ್ಮ. "ನಾನು ಅರ್ಧ ಗಂಟೆಯಿಂದ ಯೋಚ್ನೆ ಮಾಡ್ತಿರೋದು ಇನ್ನೊಂದರ ಬಗ್ಗೆ. ನಿನ್ನೆ ಸಂಜೆ ಅಸಲಿಗಳ ಲೆಕ್ಕ ಸರಿಯಿತ್ತಾ?"

"ಸರಿಯಿತ್ತು. ಒಂದೂ ಕಮ್ಮಿ ಇರ್ಲಿಲ್ಲ. ನಾನೇ ರುಜು ಹಾಕಿದ್ದೀನಿ."

"ಇಲ್ಲೂ ಹನ್ನೆರಡು ಸರಿಯಾಗೇ ಇವೆ. ಹಾಗಾದ್ರೆ ಇದರ ಜಾಗದಲ್ಲಿ ಅಲ್ಲಿ ಕೂತಿರೋದು ಯಾವುದು?"

ಶಾಲೆಯ ಉಗ್ರಾಣದಲ್ಲಿ ಸಂಜೆ ಪಾಳಿ ಬದಲಾಗುವಾಗ ಪಿಸ್ತೂಲುಗಳ ತಲೆ ಎಣಿಸಿ ಒಳಗಿಟ್ಟಿದ್ದರು, ನಂಬರು ಓದಿರಲಿಲ್ಲ. ಆ ಅಸಲಿಗಳನ್ನು ಬೆಳಿಗ್ಗೆ ಪಟ್ಟಣದ ಬೇರೆ ಬೇರೆ ಕಡೆ ಕಾವಲಿಗೆ ಹೋಗುವವರಿಗೆ ಕೊಡುತ್ತಿದ್ದರು. ಪಿಸ್ತೂಲು ಖಾಲಿ ಮ್ಯಾಗಜೀನಿನೊಂದಿಗೆ ಸೊಂಟದಲ್ಲಿ, ಗುಂಡು ತುಂಬಿದ ಮ್ಯಾಗಜೀನು ಬೇರೆ ಚೀಲದಲ್ಲಿ, ಅಪಾಯ ಬಂದರೆ ಮಾತ್ರ ಹಾಕಿಕೊಳ್ಳಬೇಕು ಎಂಬುದು ಅಲ್ಲಿನ ನಿಯಮ. ನಕಲಿಯ ಮೈ ಹಗುರವಾದರೂ ಅದರ ಗ್ಯಾಸು ಮ್ಯಾಗಜೀನು ಭಾರವಾದ್ದರಿಂದ ಸೊಂಟಕ್ಕೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಯಾರೋ ಒಬ್ಬರು ಈ ಹೊತ್ತಿನಲ್ಲಿ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು ಕಟ್ಟಿಕೊಂಡು ಎಲ್ಲೋ ಕಾವಲು ನಿಂತಿದ್ದರು.

ಮೇಷ್ಟ್ರು ಆಕೆಯ ಮೇಜಿನ ಬಳಿಯೇ ಫೋನು ಹಿಡಿದು ಕೂತ. ಆಕೆ ಅವನ ಮುಂದೆ ಒಂದು ಲೋಟ ನೀರಿಟ್ಟು ಹೇಳಿದಳು: "ಎಲ್ರಿಗೂ ಒಂದೇ ಮಾತು ಹೇಳಿ. ಮ್ಯಾಗಜೀನ್ ತೆಗೆದು ಅಡಿ ನೋಡ್ಲಿ. ಅಡೀಲಿ ತೂತು ಇರೋ ವಾಲ್ವ್ ಕಂಡ್ರೆ ಅಲ್ಲೇ ನಿಂತ್ಕೊಂಡು ತಿಳಿಸ್ಲಿ."

ಹದಿನಾರನೆಯ ಕರೆಗೆ ಸಿಕ್ಕಿತು. ಬ್ಯಾಂಕಿನ ದುಡ್ಡಿನ ಗಾಡಿಯ ಜೊತೆ ಹೋಗಿದ್ದ ಹುಡುಗಿಯೊಬ್ಬಳ ಸೊಂಟದಲ್ಲಿತ್ತು. ಕಾವಲುಗಾರ್ತಿಯಾಗಿ ಇನ್ನೂ ನಾಲ್ಕೇ ತಿಂಗಳಾಗಿತ್ತು. ಗಾಡಿಯನ್ನು ಹತ್ತಿರದ ಬ್ಯಾಂಕಿನ ಗೇಟಿನೊಳಗೆ ನಿಲ್ಲಿಸಿ, ಬೇರೆಯವರನ್ನು ಕಳಿಸುವ ಏರ್ಪಾಡಾಯಿತು. ಮೇಷ್ಟ್ರು ನೀರು ಕುಡಿದು, ಚೀಟಿ ಬರೆದುಕೊಟ್ಟು, ಪಿಸ್ತೂಲು ತೆಗೆದುಕೊಂಡು ಎದ್ದ.

"ಪಾಪ, ಹಸಿದಿದ್ದ ಅನ್ಸುತ್ತೆ," ಎಂದಳು ಅತ್ತೆ. "ಕುಕ್ಕರ್ ತೆಗೆದು ನೋಡ್ದ, ಏನೂ ಬೆಂದಿರ್ಲಿಲ್ಲ."

ಶುಕ್ರವಾರ ಆಕೆಯನ್ನು ಶಾಲೆಗೆ ಕರೆಸಿದರು. ಉದ್ದದ ಮೇಜಿನ ಆ ತುದಿಯಲ್ಲಿ ಶಾಲೆಯ ಹಿರಿಯ ಅಧಿಕಾರಿ, ಪಕ್ಕದಲ್ಲಿ ತಲೆ ತಗ್ಗಿಸಿದ ಮೇಷ್ಟ್ರು. ಅಧಿಕಾರಿ ತುಂಬ ಮರ್ಯಾದೆಯಿಂದ ಮಾತಾಡಿದ. ಬಿಸ್ಕತ್ತಿನ ತಟ್ಟೆಯನ್ನು ತಾನೇ ಆಕೆಯ ಕಡೆ ಸರಿಸಿದ. ಆಮೇಲೆ ಒಂದು ಹಾಳೆಯನ್ನೂ ಸರಿಸಿದ.

"ನಮ್ಮ ದಾಖಲೆಗೆ ಒಂದು ಸಣ್ಣ ರುಜು ಮೇಡಂ. ಬರೀ ರೂಢಿ."

ಆಕೆ ಕನ್ನಡಕ ತೆಗೆದು ಹಾಕಿಕೊಂಡಳು. ಹಾಳೆಯಲ್ಲಿ, ಪೆಟ್ಟಿಗೆ ಹೊರಡುವ ಮುನ್ನವೇ ಶಾಲೆಯ ಸಿಬ್ಬಂದಿ ತಪ್ಪನ್ನು ಪತ್ತೆಹಚ್ಚಿದರೆಂದೂ, ರಿಪೇರಿಯವರಿಗೆ ಹೋದದ್ದು ನಕಲಿಗಳು ಮಾತ್ರವೆಂದೂ ಬರೆದಿತ್ತು. ಆಕೆ ನಿಧಾನವಾಗಿ, ಎರಡು ಬಾರಿ ಓದಿದಳು.

"ಓದದೆ ನಾನು ಯಾವುದಕ್ಕೂ ರುಜು ಹಾಕಲ್ಲ ಸರ್. ಓದಿದ ಮೇಲೆ ಇದಕ್ಕೂ ಹಾಕಲ್ಲ."

"ನಿಮಗೆ ಇದರಿಂದ ಏನೂ ತೊಂದರೆ ಇಲ್ವಲ್ಲ."

"ನನಗಿಲ್ಲ. ನೀವೇ ಪತ್ತೆ ಮಾಡಿದ್ರಿ ಅಂತ ಬರೆದ್ರೆ, ನಿಮ್ಮ ಪದ್ಧತಿ ಸರಿಯಾಗಿದೆ ಅಂತಾಗುತ್ತೆ. ಸರಿಯಾಗಿರೋದನ್ನ ಯಾರೂ ರಿಪೇರಿ ಮಾಡಲ್ಲ. ನಾಳೆ ಮತ್ತೆ ಅದೇ ಆಗುತ್ತೆ, ಅವತ್ತು ಪೆಟ್ಟಿಗೆ ನನ್ನ ಮೇಜಿಗೇ ಬರುತ್ತೆ ಅನ್ನೋ ಖಾತ್ರಿ ಇಲ್ಲ."

ಅಧಿಕಾರಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಲೆಯೆತ್ತಿ, "ಅಮ್ಮ ಹೇಳ್ತಿರೋದು ಸರಿ ಸರ್. ಗುರುತು ಹಾಕೋಣ ಅಂತ ಐದು ವರ್ಷದ ಹಿಂದೆಯೇ ಹೇಳಿದ್ರು. ಬೇಡ ಅಂದಿದ್ದು ನಾನು. ಅದನ್ನ ನಾನೇ ಬರೆದು ಕೊಡ್ತೀನಿ," ಎಂದ.

ಬಿಸ್ಕತ್ತಿನ ತಟ್ಟೆ ಮತ್ತೆ ಮೇಜಿನ ಆ ತುದಿಗೆ ಹೋಯಿತು.

ಎರಡೂವರೆ ತಿಂಗಳು ಪೆಟ್ಟಿಗೆ ಬರಲಿಲ್ಲ. ಮೇಷ್ಟ್ರನ್ನು ಎಲ್ಲೋ ಕಾಗದಪತ್ರದ ಕೋಣೆಗೆ ಹಾಕಿದರೆಂದು ವ್ಯಾನಿನ ಚಾಲಕ ಹೇಳಿದ. ಮನೆಯಲ್ಲಿ ಗಂಡ, "ಒಂದು ರುಜು ತಾನೇ, ಹಾಕಿ ಬಂದಿದ್ರೆ ಏನಾಗ್ತಿತ್ತು?" ಎಂದು ಕೇಳಿದ.

"ಬ್ರೇಕ್ ಹಿಡೀದ ಬಸ್ಸಿಗೆ, ಹಿಡಿಯುತ್ತೆ ಅಂತ ನೀವು ಬರೆದು ಕೊಡ್ತೀರಾ?"

ಗಂಡ, "ಇಲ್ಲ," ಎಂದ. ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ. ಆಕೆ ಕುಕ್ಕರು, ಪಂಪುಗಳಲ್ಲಿ ಮುಳುಗಿದಳು. ಪಿಸ್ತೂಲುಗಳ ನೆನಪಾಗುತ್ತಿರಲಿಲ್ಲವೆಂದಲ್ಲ, ಬುಧವಾರ ವ್ಯಾನಿನ ಹಾರ್ನು ಕೇಳಿದರೆ ಕಣ್ಣು ಗಲ್ಲಿಯ ತುದಿಗೆ ಹೋಗಿಬರುತ್ತಿತ್ತು. ಆದರೆ ತಾನು ಮಾಡಿದ್ದು ತಪ್ಪಾಯಿತೇನೋ ಎಂದು ಆಕೆಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಆ ನಡುವೆ ಒಂದು ಮಧ್ಯಾಹ್ನ ಸಮವಸ್ತ್ರದ ಹುಡುಗಿಯೊಬ್ಬಳು ಬಂದು ಅಂಗಡಿಯ ಹೊರಗೆ ನಿಂತಳು. ಕೈಯಲ್ಲಿ ರಿಪೇರಿಗೆ ಏನೂ ಇರಲಿಲ್ಲ.

"ದುಡ್ಡಿನ ಗಾಡಿ ಜೊತೆ ಹೋಗಿದ್ದು ನಾನೇ," ಎಂದಳು. "ಎರಡು ಗಂಟೆ ಹೊತ್ತು ಆಟದ ಸಾಮಾನು ಕಟ್ಕೊಂಡು ಮೀಸೆ ತಿರುವೋರ ಥರ ನಿಂತಿದ್ದೆ. ನನ್ನ ಜೊತೆಯವ್ರು ಈಗ್ಲೂ ನಗ್ತಾರೆ. ನನಗೆ ಯಾಕೆ ಗೊತ್ತಾಗ್ಲಿಲ್ಲ ಆಂಟಿ? ನಿಮಗೆ ಹೇಗೆ ಗೊತ್ತಾಯ್ತು?"

ವಾಷರಮ್ಮ ಆಕೆಯನ್ನು ಒಳಗೆ ಕೂರಿಸಿ, ಕೆಟ್ಟು ಮೂಲೆ ಸೇರಿದ್ದ ನಕಲಿ ಮ್ಯಾಗಜೀನೊಂದನ್ನು ಹುಡುಕಿ ಕೊಟ್ಟಳು. "ನಿನ್ನ ಚೀಲದಲ್ಲಿರೋ ಅಸಲಿ ಮ್ಯಾಗಜೀನ್ ದಿನಾ ಮುಟ್ತೀಯಲ್ಲ, ಅದನ್ನ ನೆನಪು ಮಾಡ್ಕೋ. ಈಗ ಕಣ್ಣು ಮುಚ್ಚಿ ಇದರ ಅಡಿ ಸವರು. ಏನು ಸಿಗುತ್ತೆ?"

"ಒಂದು ತಗ್ಗು. ಮಧ್ಯ ಒಂದು ಮೊಳೆ ಥರ."

"ಅದೇ. ನಿನಗೆ ಗೊತ್ತಾಗ್ಲಿಲ್ಲ ಅಂದ್ರೆ ನೀನು ದಡ್ಡಿ ಅಲ್ಲ. ಇದನ್ನ ಮುಟ್ಟಿ ನೋಡು ಅಂತ ನಿನಗೆ ಯಾರೂ ಹೇಳಿರ್ಲಿಲ್ಲ. ನನಗೆ ಗೊತ್ತಾಗಿದ್ದು ನಾನು ಸಾವಿರ ಸಲ ಮುಟ್ಟಿದ್ದಕ್ಕೆ."

ಹುಡುಗಿ ಒಂದು ಗಂಟೆ ಕೂತಳು. ಬಿಡುವಿನ ದಿನ ಮತ್ತೆ ಬಂದಳು. ಮೂರನೆಯ ಸಲ ಬಂದಾಗ ವಾಲ್ವು ಬಿಚ್ಚಿ ಉಂಗುರ ಬದಲಿಸುವುದನ್ನು ಕಲಿತಿದ್ದಳು, ಅತ್ತೆಯ ಬೈಗುಳಕ್ಕೂ ಒಗ್ಗಿಕೊಂಡಿದ್ದಳು.

ಶಾಲೆಯ ಪೆಟ್ಟಿಗೆಯನ್ನು ಆ ದಿನಗಳಲ್ಲಿ ಬೇರೆ ಯಾರಿಗೋ ಕೊಟ್ಟಿದ್ದರು. ಅವನು ಕೈಗೆ ಸಿಕ್ಕ ಎಂಜಿನ್ ಎಣ್ಣೆ ಹಾಕಿ, ರಬ್ಬರೆಲ್ಲ ಉಬ್ಬಿ, ಹನ್ನೆರಡರಲ್ಲಿ ಹನ್ನೊಂದರ ಸ್ಲೈಡು ಅಲ್ಲಾಡದಂತಾಯಿತು. ಅಷ್ಟರಲ್ಲಿ ಮೇಲಿನಿಂದ ತಪಾಸಣೆಗೆ ಬಂದವರ ಕೈಗೆ ಮೇಷ್ಟ್ರು ಬರೆದಿಟ್ಟ ಕಾಗದ ಸಿಕ್ಕಿತ್ತು. ವಾಷರಮ್ಮ ರುಜು ಹಾಕದೆ ಬಿಟ್ಟ ಹಾಳೆಯೂ ಅದರ ಜೊತೆಗೇ ಇತ್ತು. ಬಿಸ್ಕತ್ತಿನ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಮೇಷ್ಟ್ರು ಮೈದಾನಕ್ಕೆ ಮರಳಿದ.

ಮರಳಿದ ಮೊದಲ ಬುಧವಾರ ಅವನೇ ಪೆಟ್ಟಿಗೆ ಹೊತ್ತು ತಂದ. "ಗುರುತು ಹಾಕಿ ಅಮ್ಮ," ಎಂದ. "ನೀವು ಹೇಳಿದ ಹಾಗೆ."

"ಬಣ್ಣದ ಪಟ್ಟಿ ಅಂತ ಅವತ್ತು ನಾನು ಹೇಳಿದ್ದೂ ಪೂರ್ತಿ ಸರಿ ಇರ್ಲಿಲ್ಲ ಮೇಷ್ಟ್ರೇ. ಬಣ್ಣ ಸವೆದು ಹೋಗುತ್ತೆ, ಕತ್ತಲಲ್ಲಿ ಕಾಣಲ್ಲ. ನಿಮ್ಮ ಮಾತಲ್ಲೂ ಹುರುಳಿತ್ತು, ಕಣ್ಣಿಗೆ ಅಸಲಿ ಥರ ಕಂಡ್ರೇನೇ ಹುಡುಗರು ಹದ್ದುಬಸ್ತಲ್ಲಿ ಇರೋದು." ಆಕೆ ಲೋಹ ಉಜ್ಜುವ ಅರವನ್ನು ತೆಗೆದುಕೊಂಡು, ಒಂದೊಂದು ನಕಲಿಯ ಹಿಡಿಯ ಹಿಂಬದಿಯಲ್ಲಿ, ಹೆಬ್ಬೆರಳ ಬುಡ ಕೂರುವ ಜಾಗದಲ್ಲಿ, ಮೂರು ಆಳವಾದ ಕಚ್ಚು ಹಾಕಿದಳು. ದೂರದಿಂದ ನೋಡಿದರೆ ಕಾಣುವುದಿಲ್ಲ. ಹಿಡಿದರೆ ತಪ್ಪುವುದಿಲ್ಲ.

ಮೇಷ್ಟ್ರು ಹಿಡಿದು ನೋಡಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಹಿಡಿದು ನೋಡಿದ. "ಇದನ್ನ ಹುಡುಗರಿಗೆ ನೀವೇ ಬಂದು ಹೇಳ್ಬೇಕು," ಎಂದ.

ಹೀಗೆ ವಾಷರಮ್ಮ ಶಾಲೆಯ ಮೆಟ್ಟಿಲು ಹತ್ತಿದಳು. ಹೊಸ ತಂಡ ಬಂದಾಗ ಮೊದಲ ಪಾಠ ಈಗ ಆಕೆಯದು. ಎದುರಿಗೆ ಮೂವತ್ತು ಜನ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾರೆ. ಆಕೆ ಅಂಗಡಿಯ ಏಪ್ರನ್ನಿನಲ್ಲೇ ನಿಂತು, ಮಾತು ಶುರು ಮಾಡುವ ಮೊದಲು ಬಟ್ಟೆಯ ಕೆಳಗೆ ಮುಚ್ಚಿಟ್ಟ ಎರಡು ಮ್ಯಾಗಜೀನುಗಳನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಕೈಯಿಂದ ಕೈಗೆ ದಾಟಿಸುತ್ತಾಳೆ. ಮೊದಲ ಸುತ್ತಿನಲ್ಲಿ ಯಾವುದು ಅಸಲಿ ಎಂದು ಕೇಳಿದರೆ ಮುಕ್ಕಾಲು ಪಾಲು ಜನ ಭಾರವಾದದ್ದನ್ನೇ ತೋರಿಸುತ್ತಾರೆ. ಆಕೆ ತಿದ್ದುವುದಿಲ್ಲ, ಮತ್ತೊಂದು ಸುತ್ತು ಕಳಿಸುತ್ತಾಳೆ.

ಕಳೆದ ತಂಡದಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ನೀವು ಅಸಲಿ ಹೊಡೆದಿದ್ದೀರಾ?" ಎಂದು ಕೇಳಿದ. ಹಿಂದಿನ ಸಾಲಿನಲ್ಲಿ ಮೆಲ್ಲನೆ ನಗೆ ಎದ್ದಿತು.

"ಇಲ್ಲಪ್ಪ. ಹೊಡೆಯೋದನ್ನ ನಿಮ್ಮ ಮೇಷ್ಟ್ರು ಕಲಿಸ್ತಾರೆ. ನಿನ್ನ ಕೈಲಿರೋದು ಏನು ಅಂತ ಮೊದ್ಲು ನನಗೆ ಹೇಳು."

ಹುಡುಗ ಬಟ್ಟೆಯ ಕೆಳಗೆ ಕೈಯಾಡಿಸಿದ. ಬೆರಳು ಅಡಿಯ ತಗ್ಗನ್ನು ಹುಡುಕಿ, ಸಿಕ್ಕಿ, ನಿಂತಿತು. "ನಕಲಿ ಮೇಡಂ."

"ಖಾತ್ರಿನಾ?"

"ಖಾತ್ರಿ."

"ಕೂತ್ಕೋ," ಎಂದಳು ವಾಷರಮ್ಮ, ಮುಂದಿನವನ ಕಡೆ ತಿರುಗುತ್ತ. ಉಗ್ರಾಣದ ಬಾಗಿಲಲ್ಲಿ, ಆ ದಿನದ ಪಿಸ್ತೂಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನಂಬರು ಗಟ್ಟಿಯಾಗಿ ಓದುತ್ತ ನಿಂತಿದ್ದಳು, ದುಡ್ಡಿನ ಗಾಡಿಯ ಜೊತೆ ಹೋಗಿದ್ದ ಹುಡುಗಿ. ಹೋದ ತಿಂಗಳಿನಿಂದ ಉಗ್ರಾಣದ ಜವಾಬ್ದಾರಿ ಅವಳದು.